ಕೋಟೆ ಗೋಡೆಗೆ ಸಿಮೆಂಟ್ ಯಾಕೆ ಆಗಿಬರಲ್ಲ? ಮುದಗಲ್‌ನ ಮಣ್ಣು, ಸುಣ್ಣದ ಕಥೆ

ಇವತ್ತಿನ ಮಾತು ಮುದಗಲ್ ಕೋಟೆ ಬಗ್ಗೆ. ಆದ್ರೆ ರಾಜರು, ಯುದ್ಧ, ಸುರಂಗ, ನಿಧಿ ಅಂತ ಕಾಯಬೇಡಿ. ಅದೆಲ್ಲ ಯೂಟ್ಯೂಬ್‌ನಲ್ಲಿ ಬೇಕಾದಷ್ಟಿದೆ. ನಾನು ಮಾತಾಡೋದು ಕೋಟೆಯ ಎರಡು ಕಲ್ಲುಗಳ ನಡುವೆ ಏನಿದೆ, ಅದು ಹಾಳಾದಾಗ ಏನು ಹಾಕಬೇಕು ಅನ್ನೋದರ ಬಗ್ಗೆ. ಕೇಳೋಕೆ ಸಪ್ಪೆ ಅನ್ನಿಸಬಹುದು. ಹತ್ತು ನಿಮಿಷ ಇರಿ.

ಮೊದಲು ನಮ್ಮ ಮನೆ ಕಥೆ ಹೇಳಿಬಿಡ್ತೀನಿ. ಈ ವಿಷಯಕ್ಕೆ ನಾನು ಬಂದಿದ್ದೇ ಅಲ್ಲಿಂದ.

ನಮ್ಮೂರು ಮುದಗಲ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆ. ನಮ್ಮದು ಮೇಲ್ಮುದ್ದೆ ಮನೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ತೊಲೆ, ತೊಲೆ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಚಕ್ಕೆ, ಬೇವಿನ ಸೊಪ್ಪು, ಅದರ ಮೇಲೆ ಮಣ್ಣು. ಗೋಡೆನೂ ಮಣ್ಣಿನದೇ, ಒಂದೂವರೆ ಮೊಳ ದಪ್ಪ. ಹೊರಗೆ 42 ಡಿಗ್ರಿ ಬಿಸಿಲಿದ್ರೂ ಪಡಸಾಲೆಯಲ್ಲಿ ಮಧ್ಯಾಹ್ನ ನಿದ್ದೆ ಹತ್ತುತ್ತಿತ್ತು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮುತ್ಯಾ ಮಾಳಿಗೆ ಹತ್ತಿ ಹೊಸ ಮಣ್ಣು ಹರಡಿ ತುಳಿದು ಬರ್ತಿದ್ದ. ಹಬ್ಬ ಬಂದ್ರೆ ಗೋಡೆಗೆ ಸುಣ್ಣ. ಇಷ್ಟೇ ಅದರ ಮೇಂಟೆನೆನ್ಸ್.

ನಾನು ಶಾಲೆಯಲ್ಲಿದ್ದಾಗ ನಮ್ಮಪ್ಪ ಬೀದಿ ಕಡೆ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ರು. ಓಣಿಯಲ್ಲಿ ನಮ್ಮದೇ ಮೊದಲು. ಗೌಂಡಿ ಬಂದು, ಮಣ್ಣಿಗೆ ಸಿಮೆಂಟ್ ಹಿಡಿಲಿ ಅಂತ ಮೊಳೆ ಹೊಡೆದು ಜಾಲರಿ ಕಟ್ಟಿ ಮೆತ್ತಿದ. ನುಣ್ಣಗೆ, ಥೇಟ್ ಪಟ್ಟಣದ ಮನೆ ಥರ. ನಾವು ಹುಡುಗರು ಅದಕ್ಕೆ ಬೆನ್ನು ಹಚ್ಚಿ ನಿಂತು ಫೋಟೋ ತೆಗೆಸಿಕೊಂಡ್ವಿ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳು ಉತ್ತರ ಕರ್ನಾಟಕದ ಯಾರಿಗೂ ಮರೆಯೋಕಾಗಲ್ಲ. ಆ ಮಳೆಗೆ ನಮ್ಮ ಭಾಗದಲ್ಲಿ ಎಷ್ಟೋ ಮಣ್ಣಿನ ಮನೆಗಳು ಬಿದ್ದವು. ನಮ್ಮದೂ ಒಂದು ಗೋಡೆ ಬಿತ್ತು, ರಾತ್ರಿ, ಬೀದಿ ಕಡೆಗೆ. ಯಾರಿಗೂ ಏನೂ ಆಗಲಿಲ್ಲ, ಅವತ್ತು ಅಜ್ಜಿ ಒಳಕೋಣೆಯಲ್ಲಿ ಮಲಗಿದ್ಲು. ಬೆಳಿಗ್ಗೆ ನೋಡಿದ್ರೆ ಬಿದ್ದಿದ್ದು ಆ ಸಿಮೆಂಟ್ ಗೋಡೆ ಒಂದೇ. ಸಿಮೆಂಟ್ ಹಪ್ಪಳದ ಹಾಗೆ ದೊಡ್ಡ ದೊಡ್ಡ ತುಂಡಾಗಿ ಬಿದ್ದಿತ್ತು, ಒಳಗಿನ ಮಣ್ಣು ಕಲಸಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ಮುತ್ಯಾ ಒಂದು ಮುದ್ದೆ ಕೈಯಲ್ಲಿ ಹಿಡಿದು ನೋಡಿ ಅಂದ: "ಗ್ವಾಡಿಗೆ ಉಸರ ಕಟ್ಟಿತ್ತು ತಮ್ಮ."

ಒಂದು ಮನೆ ನೋಡಿ ಸಿದ್ಧಾಂತ ಮಾಡಬಾರದು. ಆ ಮಳೆಗೆ ಸಿಮೆಂಟ್ ಮುಟ್ಟದ ಮನೆಗಳೂ ಬಿದ್ದಿವೆ. ಆದ್ರೆ ಮುತ್ಯಾನ ಆ ಮಾತು ಎಂಜಿನಿಯರಿಂಗ್ ಓದುವಾಗಲೂ ತಲೆಯಲ್ಲಿ ಉಳೀತು. ಆಮೇಲೆ ಹಳೇ ಕಟ್ಟಡಗಳ ದುರಸ್ತಿ ಬಗ್ಗೆ ಓದ್ತಾ ಓದ್ತಾ ಗೊತ್ತಾಯ್ತು: ಕೋಟೆಗಳಿಗೂ ಆಗ್ತಾ ಇರೋದು ಹೆಚ್ಚು ಕಮ್ಮಿ ಇದೇ.

ಈಗ ಕೋಟೆಗೆ ಬರೋಣ. ಮುದಗಲ್ ಇರೋದು ಕೃಷ್ಣೆ ಮತ್ತು ತುಂಗಭದ್ರೆ ನಡುವಿನ ದೋಆಬ್‌ನಲ್ಲಿ. ದೇವಗಿರಿ ಯಾದವರು, ಬಹಮನಿಗಳು, ವಿಜಯನಗರದವರು, ಬಿಜಾಪುರದ ಆದಿಲ್‌ಶಾಹಿಗಳು, ಎಲ್ಲರೂ ಇದಕ್ಕಾಗಿ ಬಡಿದಾಡಿದವರೇ. ಊರಿನ ಸುತ್ತ ಕಂದಕ, ಕೆಲವು ಕಡೆ ಅದು 50 ಗಜದಷ್ಟು ಅಗಲ. ಕಂದಕದ ಹಿಂದೆ ಬುರುಜುಗಳ ಸಾಲು, ಅದರ ಹಿಂದೆ ಇನ್ನೂ ದಪ್ಪ ಬುರುಜುಗಳು. ಉತ್ತರಕ್ಕೆ ಫತೇ ದರ್ವಾಜಾ. ಒಳಗೆ ಗುಡ್ಡ, ಗುಡ್ಡದ ಬಂಡೆಗಳನ್ನೇ ಹಿಡಿದುಕೊಂಡು ಹೋಗುವ ಗೋಡೆ.

ಗೋಡೆಯನ್ನ ಹತ್ತಿರ ನಿಂತು ಕೆಳಗಿನಿಂದ ಮೇಲಕ್ಕೆ ನೋಡಿ. ಬಹಳ ಕಡೆ ಕೆಳಗಿನ ವರಸೆಗಳು ಹಳೇ ಪದ್ಧತಿಯವು, ದೊಡ್ಡ ಕಲ್ಲುಗಳನ್ನ ಒಂದರ ಮೇಲೊಂದು ಕೂರಿಸಿದ್ದು. ಮೇಲಿನ ಕೈಪಿಡಿ ಗೋಡೆ ಮಾತ್ರ ಕಮಾನಿನ ಆಕಾರದ್ದು, ಸುಲ್ತಾನರ ಕಾಲದ ಕೆಲಸ. ಫಿರಂಗಿ ಬಂದಮೇಲೆ ಕೋಟೆಯನ್ನ ಮತ್ತೆ ಕಟ್ಟಿದ್ದಾರೆ ಅನ್ನೋದು ತೋಪುಗಳನ್ನ ಇಟ್ಟಿರುವ ರೀತಿಯಲ್ಲೇ ಗೊತ್ತಾಗುತ್ತೆ. ಅಂದ್ರೆ ಒಂದೇ ಗೋಡೆಯಲ್ಲಿ ಎರಡು ಕಾಲದ, ಎರಡು ಬೇರೆ ಬೇರೆ ಲೆಕ್ಕಾಚಾರದ ಕೆಲಸ ಇದೆ. ದುರಸ್ತಿ ಮಾಡೋರು ಮೊದಲು ತಿಳ್ಕೋಬೇಕಾದ್ದು ಇದನ್ನ.

ಹಳೇ ಪದ್ಧತಿ ಹೇಗಿತ್ತು ಅನ್ನೋದಕ್ಕೆ ನಮ್ಮ ಜಿಲ್ಲೆಯದ್ದೇ ಸಾಕ್ಷಿ ಇದೆ. ರಾಯಚೂರು ಕೋಟೆ. 1294ರ ಶಾಸನ ಇರುವ ಅಲ್ಲಿನ ಒಂದೇ ಒಂದು ಕಲ್ಲು 41 ಅಡಿಗಿಂತ ಉದ್ದ. ಆ ಒಳಗೋಡೆಗೆ ಅಂಟು ಅಂತ ಏನೂ ಹಾಕಿಲ್ಲ, ಕಲ್ಲಿಗೆ ಕಲ್ಲು ಕೂತಿದೆ ಅಷ್ಟೇ. 1520ರಲ್ಲಿ ಕೃಷ್ಣದೇವರಾಯ ಈ ಕೋಟೆಗೆ ಮುತ್ತಿಗೆ ಹಾಕಿದ. ಆ ಕಥೆ ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ರಾಯಚೂರಿನ ಗೋಡೆಗಳು ಸುಣ್ಣ ಇಲ್ಲದೆ ಕಟ್ಟಿದ ಭಾರೀ ಕಲ್ಲಿನವು, ಒಳಗೆ ಮಣ್ಣು ತುಂಬಿದ್ದಾರೆ ಅಂತ ಅವನು ಹೇಳ್ತಾನೆ. ಇನ್ನೊಂದು ಮಜಾ ಸಂಗತಿನೂ ಅವನೇ ಬರೀತಾನೆ. ಗೋಡೆಯಿಂದ ಕಲ್ಲು ಕಿತ್ತು ತಂದ ಸೈನಿಕರಿಗೆ ಕಲ್ಲಿನ ತೂಕ ನೋಡಿ ಹಣ ಕೊಡ್ತಿದ್ರಂತೆ. ಕಲ್ಲು ಕಿತ್ರೆ ಒಳಗಿನ ಮಣ್ಣಿಗೆ ಆಸರೆ ಹೋಗುತ್ತೆ ಅನ್ನೋದು ದಾಳಿ ಮಾಡಿದವರಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾದ್ರೆ ಕೋಟೆ ಗೋಡೆ ಅಂದ್ರೆ ಕಲ್ಲಿನ ಗೋಡೆ ಅಲ್ಲ. ಆಚೆ ಒಂದು ಕಲ್ಲಿನ ಪದರ, ಈಚೆ ಒಂದು ಕಲ್ಲಿನ ಪದರ, ನಡುವೆ ಮಣ್ಣು, ಗರಸು, ಕಲ್ಲಿನ ಚೂರು. ನಮ್ಮ ಕಣ್ಣಿಗೆ ಕಾಣೋದು ಕಲ್ಲು. ಒಳಗಿರೋದು ದಿಮ್ಮಸು ಹೊಡೆದು ಗಟ್ಟಿ ಮಾಡಿದ ಮಣ್ಣು. ತೋಪಿನ ಗುಂಡು ಬಂದು ಬಡಿದಾಗ ಬರೀ ಕಲ್ಲಾದ್ರೆ ಸೀಳುತ್ತೆ, ಹಿಂದೆ ಮಣ್ಣಿದ್ರೆ ಆ ಹೊಡೆತವನ್ನ ನುಂಗಿಕೊಳ್ಳುತ್ತೆ.

ಈ ದಿಮ್ಮಸು ಅನ್ನೋದನ್ನ ಸಣ್ಣ ಕೆಲಸ ಅಂತ ತಿಳೀಬೇಡಿ. ಯಾವ ಮಣ್ಣು ಅನ್ನೋದೇ ಮೊದಲ ಪ್ರಶ್ನೆ. ನಮ್ಮ ಲಿಂಗಸುಗೂರು, ಸಿಂಧನೂರು, ಮಸ್ಕಿ ಕಡೆ ರೈತನ ಮಕ್ಕಳಿಗೆ ಎರಿ ಯಾವುದು ಮಸಾರಿ ಯಾವುದು ಅಂತ ಹೇಳಿಕೊಡಬೇಕಾಗಿಲ್ಲ. ಎರಿ ಮಣ್ಣು ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಕಾಲು ಹೋಗುವಷ್ಟು ಬಿರುಕು. ಜೋಳಕ್ಕೆ ಅದು ಬಂಗಾರ, ಗೋಡೆಗೆ ಶತ್ರು. ಗೋಡೆಗೆ ಬೇಕಾದ್ದು ಮಸಾರಿ, ಅದರಲ್ಲಿ ಗರಸು ಬೆರೆತಿರಬೇಕು. ಒಂದು ಗಾಜಿನ ಬಾಟಲಿಗೆ ಮಣ್ಣು, ನೀರು ಹಾಕಿ ಅಲುಗಾಡಿಸಿ ರಾತ್ರಿಯಿಡೀ ಬಿಡಿ. ಕೆಳಗೆ ಮರಳು, ನಡುವೆ ನಯವಾದ ಮಣ್ಣು, ಮೇಲೆ ಜೇಡಿ. ಜೇಡಿ ಜಾಸ್ತಿಯಾದ್ರೆ ಬಿರುಕು, ಕಮ್ಮಿಯಾದ್ರೆ ಹಿಡಿತ ಇಲ್ಲ. ಐದರಲ್ಲಿ ಒಂದು ಪಾಲು ಆಸುಪಾಸು ಇದ್ರೆ ಒಳ್ಳೇದು.

ನೀರೂ ಅಷ್ಟೇ. ಕೆಸರು ಮಾಡಬಾರದು, ಬರೀ ಹಸಿ. ಒಂದು ಮುಷ್ಟಿ ಹಿಂಡಿ ಉಂಡೆ ಮಾಡಿ, ಸೊಂಟದ ಎತ್ತರದಿಂದ ಬಿಡಿ. ಪುಡಿಪುಡಿಯಾದ್ರೆ ಒಣಗಿದೆ, ಚಪ್ಪಟೆಯಾಗಿ ಕೂತ್ರೆ ನೀರು ಹೆಚ್ಚಾಗಿದೆ. ನಾಲ್ಕೈದು ಹೋಳಾದ್ರೆ ಸರಿ. ಆಮೇಲೆ ಒಂದು ಗೇಣಿಗಿಂತ ಕಮ್ಮಿ ದಪ್ಪದ ಪದರ ಹಾಕಿ ದಿಮ್ಮಸು ಹೊಡಿಬೇಕು. ಮೊದಲು ದಬ್ ದಬ್ ಅಂತ ಮಂದ ಸದ್ದು ಬರುತ್ತೆ. ಮಣ್ಣು ಗಟ್ಟಿಯಾದ ಹಾಗೆ ಸದ್ದು ಬದಲಾಗಿ ಠಣ್ ಅನ್ನೋಕೆ ಶುರುವಾಗುತ್ತೆ. ಆಗ ಮುಂದಿನ ಪದರ. ಇದಕ್ಕೆ ಮೀಟರ್ ಬೇಡ, ಕಿವಿ ಬೇಕು.

ಮಣ್ಣಿನ ಕೋಟೆ ಅಂದ್ರೆ ಬಡವರ ಕೋಟೆ ಅಂತ ಅಂದ್ಕೊಂಡಿದ್ರೆ ಒಂದು ಮಾತು: 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಬೆಂಗಳೂರು ಕೋಟೆ ಮಣ್ಣಿನದೇ. ನಮ್ಮ ಕಡೆ ಹಳ್ಳಿಗಳಲ್ಲಿ ಅಲ್ಲಲ್ಲಿ ನಿಂತಿರುವ ಹುಡೇವುಗಳನ್ನ ನೋಡಿ, ಎಷ್ಟೋ ಕಡೆ ಮೇಲಿನ ಭಾಗ ಮಣ್ಣಿನದು. ಮಣ್ಣಿಗೆ ಬೇಕಾದ್ದು ಎರಡೇ: ತಲೆ ಮೇಲೆ ನೀರು ನಿಲ್ಲಬಾರದು, ಕಾಲ ಕೆಳಗೂ ನೀರು ನಿಲ್ಲಬಾರದು.

ತಲೆ ಮೇಲೆ ನೀರು ನಿಲ್ಲದ ಹಾಗೆ ಮಾಡೋಕೆ ಬೇಕು ಸುಣ್ಣ. ಕಮಾನು, ಗುಮ್ಮಟ, ನುಣುಪಾದ ಗಾರೆಗೂ ಸುಣ್ಣವೇ ಬೇಕು. ಆದಿಲ್‌ಶಾಹಿಗಳು ಇದರಲ್ಲಿ ಪಳಗಿದವರು. ಅವರದ್ದೇ ವಂಶದ ಗೋಳಗುಮ್ಮಟ, 1656ರದ್ದು, ಇಟ್ಟಿಗೆ ಮತ್ತು ಸುಣ್ಣದ ಗಚ್ಚಿನ ಮೇಲೆ ನಿಂತಿದೆ. ಇಂಗ್ಲೆಂಡಿನಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಆಗಿದ್ದು 1824ರಲ್ಲಿ. 168 ವರ್ಷ ಆದಮೇಲೆ.

ಸುಣ್ಣದ ರಸಾಯನ ನನಗೆ ಇವತ್ತಿಗೂ ಜಾದೂ ಅನ್ನಿಸುತ್ತೆ. ಸುಣ್ಣದ ಕಲ್ಲನ್ನ ಭಟ್ಟಿಯಲ್ಲಿ 900 ಡಿಗ್ರಿ ಆಸುಪಾಸಿನಲ್ಲಿ ಸುಡ್ತಾರೆ. ಶುದ್ಧ ಕಲ್ಲು 100 ಕೆಜಿ ಇಟ್ರೆ ಕೈಗೆ ಬರೋದು 56 ಕೆಜಿ ಸುಟ್ಟ ಸುಣ್ಣ. ಉಳಿದ 44 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಯ್ತು. ಆ ಸುಟ್ಟ ಸುಣ್ಣಕ್ಕೆ ನೀರು ಹಾಕಿದ್ರೆ ಕೊತಕೊತ ಕುದ್ದು ಅರಳುತ್ತೆ. (ಹುಷಾರು, ಕಣ್ಣಿಗೆ ಸಿಡಿದ್ರೆ ಕಣ್ಣೇ ಹೋಗುತ್ತೆ. ರೀಲ್ಸ್‌ಗೋಸ್ಕರ ಇದನ್ನ ಮನೇಲಿ ಮಾಡೋಕೆ ಹೋಗಬೇಡಿ.) ಎಲೆ ಅಡಿಕೆಗೆ ಹಚ್ಚೋದು ಇದೇ ಸುಣ್ಣ. ಡಬ್ಬಿ ಮುಚ್ಚಿಟ್ಟಿದ್ರೆ ಮೆತ್ತಗಿರುತ್ತೆ, ತೆರೆದಿಟ್ರೆ ಕಲ್ಲಿನ ಹಾಗೆ ಗಟ್ಟಿ. ನಮ್ಮಜ್ಜಿ ಡಬ್ಬಿ ಮುಚ್ಚದಿದ್ರೆ ಯಾಕೆ ಬೈತಿದ್ಲು ಅಂದ್ರೆ ಇದಕ್ಕೇ. ಗಾಳಿಯಲ್ಲಿರೋ ಅದೇ ಇಂಗಾಲದ ಡೈಆಕ್ಸೈಡನ್ನ ಎಳ್ಕೊಂಡು ಸುಣ್ಣ ಮತ್ತೆ ಸುಣ್ಣದ ಕಲ್ಲಾಗುತ್ತೆ. ಗೋಡೆಯಲ್ಲೂ ಆಗೋದು ಅದೇ. ಆದ್ರೆ ನಿಧಾನ. ತೆಳು ಗಾರೆಗೆ ವಾರ, ತಿಂಗಳು. ದಪ್ಪ ಗೋಡೆಯೊಳಗೆ ವರ್ಷಗಳು.

ಮುದಗಲ್ ಸುತ್ತ ಇರೋದು ಕಣಶಿಲೆಯ ಗುಡ್ಡಗಳು. ಆದ್ರೆ ಕರಿ ಹೊಲಗಳಲ್ಲಿ ಉಳುಮೆ ಮಾಡುವಾಗ ಬಿಳಿ ಗಂಟು ಗಂಟು ಹರಳು ಸಿಗ್ತಾವಲ್ಲ, ಅದೂ ಸುಣ್ಣವೇ. ಅದರಲ್ಲಿ ಜೇಡಿಯೂ ಸ್ವಲ್ಪ ಸೇರಿರುತ್ತೆ, ಹಾಗಾಗಿ ಅದನ್ನ ಸುಟ್ಟು ಮಾಡಿದ ಸುಣ್ಣ ಒದ್ದೆಯಲ್ಲೂ ಒಂದಿಷ್ಟು ಗಟ್ಟಿಯಾಗುತ್ತೆ. ಇಟ್ಟಿಗೆ ಪುಡಿ, ಅಂದ್ರೆ ಸುರ್ಕಿ, ಬೆರೆಸೋದೂ ಇದೇ ಕಾರಣಕ್ಕೆ. ಸುಣ್ಣ ಒಂದು ಪಾಲು, ಮರಳು ಮತ್ತು ಸುರ್ಕಿ ಸೇರಿ ಮೂರು ಪಾಲು, ಗಾಣಕ್ಕೆ ಹಾಕಿ ಎತ್ತು ಕಟ್ಟಿ ಅರೀತಿದ್ರು. ದುಂಡನೆಯ ಕಲ್ಲಿನ ಕಾಲುವೆ, ಅದರಲ್ಲಿ ಉರುಳುವ ಕಲ್ಲಿನ ಗಾಲಿ. ಕೆಲವು ಹಳೇ ಊರುಗಳಲ್ಲಿ ಆ ಗಾಲಿ ಇವತ್ತಿಗೂ ಬಿದ್ದಿರುತ್ತೆ. ಏನು ಅಂತ ಗೊತ್ತಿಲ್ಲದೆ ಅದರ ಮೇಲೆ ಕೂತು ಮೊಬೈಲ್ ನೋಡ್ತಿರ್ತೀವಿ.

ಈಗ ಬೆಲ್ಲದ ವಿಚಾರ. ಹಳೇ ಕಟ್ಟಡ ತೋರಿಸೋ ಪ್ರತಿ ರೀಲ್‌ನಲ್ಲೂ ಬೆಲ್ಲ, ಕೋಳಿಮೊಟ್ಟೆ, ಬಿಲ್ವದ ಕಾಯಿ ಹಾಕಿ ಕಟ್ಟಿದ್ದು, ಅದಕ್ಕೇ ಇಷ್ಟು ಗಟ್ಟಿ ಅಂತಾರೆ. ಸುಳ್ಳಲ್ಲ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಗಚ್ಚಿಗೆ ಹಾಕೋದು ಇತ್ತು, ಈಗಲೂ ಸಂರಕ್ಷಣೆ ಕೆಲಸದಲ್ಲಿ ಹಾಕ್ತಾರೆ. ಗಚ್ಚು ಕಲಸೋಕೆ ಸಲೀಸು, ನೀರು ಕಮ್ಮಿ ಸಾಕು, ಬಿರುಕು ಕಮ್ಮಿ. ಆದ್ರೆ ಗುಟ್ಟು ಬೆಲ್ಲದಲ್ಲಿ ಇಲ್ಲ, ಅರೆಯೋದರಲ್ಲಿ ಇದೆ, ಕಾಯೋದರಲ್ಲಿ ಇದೆ. ಗಚ್ಚಿನ ಕೆಲಸ ಮಾಡಿದ ಒಬ್ಬ ಹಿರಿಯ ಗೌಂಡಿಯನ್ನ ಕೇಳಿದ್ದೆ: "ಕಾಕಾ, ಬೆಲ್ಲ ಎಷ್ಟು ಹಾಕ್ತಿದ್ರಿ?" ಅವರು ನಕ್ಕು ಹೇಳಿದ್ರು: "ನೀರು ಒಂಚೂರು ಸೀ ಆಗುವಷ್ಟ. ಜಾಸ್ತಿ ಹಾಕಿದ್ರ ಇರುವಿ ಬರ್ತಾವ, ಗಚ್ಚು ಬರಂಗಿಲ್ಲ." ಗಚ್ಚು ಹದಕ್ಕೆ ಬಂತು ಅಂತ ಹೇಗೆ ಗೊತ್ತಾಗುತ್ತೆ ಅಂದ್ರೆ, ಕರಣಿ ಮೇಲೆ ತಗೊಂಡು ಬೋರಲು ಮಾಡಿ ತೋರಿಸಿದ್ರು. ಬೀಳಬಾರದು. ಅಷ್ಟೇ ಪರೀಕ್ಷೆ.

ಸರಿ, ಸಿಮೆಂಟ್ ಇಷ್ಟು ಗಟ್ಟಿ ಇರುವಾಗ ಅದನ್ನೇ ಹಾಕಿದ್ರೆ ತಪ್ಪೇನು? ಗಟ್ಟಿ ಇರೋದೇ ತಪ್ಪು. ಇದು ಸ್ವಲ್ಪ ಉಲ್ಟಾ ಅನ್ನಿಸುತ್ತೆ, ಕೇಳಿ.

ಹಳೇ ಗೋಡೆ ಅಲುಗಾಡುತ್ತಾ ಇರುತ್ತೆ. ಬೇಸಿಗೆಯ ಮಧ್ಯಾಹ್ನ ಕಲ್ಲು ಮುಟ್ಟೋಕಾಗದಷ್ಟು ಕಾಯುತ್ತೆ, ರಾತ್ರಿ ತಣ್ಣಗಾಗುತ್ತೆ. ಹಿಗ್ಗುತ್ತೆ, ಕುಗ್ಗುತ್ತೆ. ಸುಣ್ಣ ಅದರ ಜೊತೆ ಒಂದಿಷ್ಟು ಹೊಂದಿಕೊಳ್ಳುತ್ತೆ. ಕೂದಲೆಳೆ ಬಿರುಕು ಬಿಟ್ರೂ ಮಳೆ ನೀರಿನಲ್ಲಿ ಸ್ವಲ್ಪ ಸುಣ್ಣ ಕರಗಿ, ಬಿರುಕಿನಲ್ಲಿ ಮತ್ತೆ ಕೂತು ಮುಚ್ಚುತ್ತೆ. ಸಿಮೆಂಟ್ ಹೊಂದಿಕೊಳ್ಳಲ್ಲ. ಒಂದೋ ತಾನು ಒಡೆಯುತ್ತೆ, ಇಲ್ಲ ಪಕ್ಕದ ಕಲ್ಲಿನ ಅಂಚು ಒಡೆಯುತ್ತೆ. ಸಂದಿಯಲ್ಲಿರೋ ಗಚ್ಚು ಹಾಳಾದ್ರೆ ಮತ್ತೆ ತುಂಬಬಹುದು. ಕೆತ್ತಿದ ಕಲ್ಲು ಹಾಳಾದ್ರೆ ಎಲ್ಲಿಂದ ತರ್ತೀರಿ? ಹಾಗಾಗಿ ಸಂದಿಯಲ್ಲಿ ಹಾಕೋದು ಕಲ್ಲಿಗಿಂತ ಮೆತ್ತಗೇ ಇರಬೇಕು.

ಆಮೇಲೆ ನೀರು. ಮುದಗಲ್‌ನ ಕಲ್ಲು ಗಟ್ಟಿ, ಅದು ಅಷ್ಟು ಸುಲಭಕ್ಕೆ ಕರಗಲ್ಲ. ತೊಂದರೆ ಇರೋದು ಅದರ ಹಿಂದಿನ ಮಣ್ಣಿಗೆ. ಗೋಡೆ ತಲೆಯಿಂದ ಇಳಿದ ನೀರು ಕಲ್ಲಿನ ಸಂದಿಯಿಂದ ಹೊರಗೆ ಬರಬೇಕು, ಆವಿಯಾಗಬೇಕು. ಆ ಸಂದಿಗಳನ್ನೆಲ್ಲ ಸಿಮೆಂಟ್‌ನಿಂದ ಮುಚ್ಚಿದ್ರೆ ನೀರು ಒಳಗೇ ಉಳಿಯುತ್ತೆ. ಮಣ್ಣು ನೆನೆದು ಭಾರ ಆಗಿ ಹೊರಗಿನ ಕಲ್ಲನ್ನ ತಳ್ಳುತ್ತೆ. ಗೋಡೆ ಹೊಟ್ಟೆ ಬಿಡುತ್ತೆ. ವರ್ಷ ವರ್ಷ ಒಂದೊಂದು ಬೆರಳು. ಹೊರಗಿಂದ ನೋಡಿದ್ರೆ ಸಿಮೆಂಟ್ ಗೆರೆ ನೀಟಾಗಿ ಕಾಣ್ತಿರುತ್ತೆ. ಒಂದು ಮಳೆಗಾಲ ಧೊಪ್ ಅಂತ ಬೀಳುತ್ತೆ. ಥೇಟ್ ನಮ್ಮ ಮನೆ ಗೋಡೆ. ಮುದಗಲ್‌ನಲ್ಲಿ ಕೋಟೆ ಅಂದ್ರೆ ಟಿಕೆಟ್ ತಗೊಂಡು ನೋಡೋ ಜಾಗ ಅಲ್ಲ, ಕೋಟೆಗೆ ಹತ್ತಿಕೊಂಡೇ ಮನೆಗಳಿವೆ. ಮೊಹರಂಗೆ ಹುಸೇನಿ ಆಲಂ ನೋಡೋಕೆ ಬರೋ ಜನ ಈ ಗೋಡೆಗಳ ನಡುವೆಯೇ ನುಗ್ಗಿ ಬರ್ತಾರೆ. ಗೋಡೆ ಬಿದ್ರೆ ಬೀಳೋದು ಬರೀ ಇತಿಹಾಸದ ಮೇಲಲ್ಲ.

ಸಿಮೆಂಟ್ ಹಾಕಿದವರನ್ನ ಬೈಯೋಕೆ ನನಗಿಷ್ಟ ಇಲ್ಲ. ಕಳೆದ ಶತಮಾನದಲ್ಲಿ ಪ್ರಪಂಚದ ಎಲ್ಲಾ ಕಡೆ ದೊಡ್ಡ ದೊಡ್ಡ ತಜ್ಞರೇ ಹಾಗೆ ಮಾಡಿದ್ದಾರೆ. ದೆಹಲಿಯ ಹುಮಾಯೂನ್ ಸಮಾಧಿ ಗೊತ್ತಲ್ಲ, ಅದರ ಛಾವಣಿ ಮೇಲೆ 20ನೇ ಶತಮಾನದಲ್ಲಿ ಸೋರಬಾರದು ಅಂತ ಪದರದ ಮೇಲೆ ಪದರ ಕಾಂಕ್ರೀಟ್ ಹಾಕಿದ್ರು. 2013ರಲ್ಲಿ ಮುಗಿದ ಸಂರಕ್ಷಣೆ ಕೆಲಸದಲ್ಲಿ ಆಗಾ ಖಾನ್ ಟ್ರಸ್ಟ್ ಮತ್ತು ಪುರಾತತ್ವ ಇಲಾಖೆಯವರು ಅಲ್ಲಿಂದ ಕೈಯಿಂದಲೇ ಒಡೆದು ಇಳಿಸಿದ್ದು ಹತ್ತು ಲಕ್ಷ ಕೆಜಿಗೂ ಹೆಚ್ಚು ಕಾಂಕ್ರೀಟ್. ಸಾವಿರ ಟನ್ ಬೇಡದ ಭಾರ! ಅದರ ಜಾಗಕ್ಕೆ ಮತ್ತೆ ಸುಣ್ಣದ ಗಚ್ಚೇ ಬಂತು.

ಹಾಗಾದ್ರೆ ಮುದಗಲ್‌ನಂಥ ಗೋಡೆಗೆ ಏನು ಮಾಡಬೇಕು? ನನ್ನನ್ನ ಕೇಳಿದ್ರೆ ಮುಖಕ್ಕೆ ಮುಟ್ಟೋ ಮುಂಚೆ ತಲೆ ನೋಡಬೇಕು. ಗೋಡೆ ಮೇಲೆ ಬೆಳೆದ ಅರಳಿ, ಬೇವಿನ ಗಿಡಗಳನ್ನ ಎಳೆದು ಕೀಳಬಾರದು, ಕಿತ್ರೆ ಬೇರಿನ ಜೊತೆ ಕಲ್ಲೂ ಬರುತ್ತೆ. ಕತ್ತರಿಸಿ, ಬೇರು ಒಣಗಿಸಿ, ಆಮೇಲೆ ಬಿಡಿಸಬೇಕು. ಸಡಿಲಾದ ಮಣ್ಣು ತೆಗೆದು, ಸರಿಯಾದ ಮಣ್ಣಿಗೆ ಒಂದಿಷ್ಟು ಸುಣ್ಣ ಬೆರೆಸಿ ಪದರ ಪದರವಾಗಿ ದಿಮ್ಮಸು ಹೊಡೆದು, ಮೇಲೆ ಸುಣ್ಣ, ಇಟ್ಟಿಗೆ ಚೂರಿನ ಗಚ್ಚು ಇಳಿಜಾರಾಗಿ ಹಾಕಬೇಕು. ಹೊಟ್ಟೆ ಬಿಟ್ಟ ಕಡೆ ಕಲ್ಲುಗಳಿಗೆ ನಂಬರ್ ಬರೆದು, ಫೋಟೋ ತೆಗೆದು, ಬಿಚ್ಚಿ ಅದೇ ಜಾಗಕ್ಕೆ ಕೂರಿಸಬೇಕು. ಗಚ್ಚೇ ಇಲ್ಲದೆ ಕಟ್ಟಿದ ಕೆಳಗಿನ ವರಸೆಗಳಿಗೆ ಸುಣ್ಣವನ್ನೂ ತುರುಕಬಾರದು, ಅಲ್ಲಿ ಕಲ್ಲಿನ ಚೂರಷ್ಟೇ ಸಾಕು. ಹಳೇದು ಅಂತ ಎಲ್ಲದಕ್ಕೂ ಸುಣ್ಣ ಮೆತ್ತೋದೂ ಸಿಮೆಂಟ್ ಮೆತ್ತಿದಷ್ಟೇ ತಪ್ಪು.

ಕಷ್ಟ ಇರೋದು ಕೆಲಸದಲ್ಲಿ ಅಲ್ಲ, ಕ್ಯಾಲೆಂಡರ್‌ನಲ್ಲಿ. ಅರಳಿಸಿದ ಸುಣ್ಣ ಗುಂಡಿಯಲ್ಲಿ ವಾರಗಟ್ಟಲೆ ನೆನೀಬೇಕು. ಹಚ್ಚಿದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಕಾಯಬೇಕು. ಬೇಗ ಒಣಗಿದ್ರೆ ಸುಣ್ಣ ಕಲ್ಲಾಗಲ್ಲ, ಪುಡಿಯಾಗುತ್ತೆ. ನಮ್ಮ ರಾಯಚೂರು ಸೀಮೆಯಲ್ಲಿ ಅದಕ್ಕೆ ಒಳ್ಳೇ ಕಾಲ ಮಳೆ ಮುಗಿದು ಬಿಸಿಲು ಏರುವವರೆಗಿನ ನಾಲ್ಕು ತಿಂಗಳು. ನಮ್ಮ ಸರ್ಕಾರಿ ಕೆಲಸಗಳ ಲೆಕ್ಕ ಮುಗಿಯೋದು ಮಾರ್ಚ್ 31ಕ್ಕೆ. ಯಾವ ಊರಿನ ಕೆಲಸ ಬೇಕಾದ್ರೂ ತಗೊಳ್ಳಿ, ಗಡಿಬಿಡಿ ಶುರುವಾಗೋದು ಫೆಬ್ರವರಿಯಲ್ಲಿ. ಉರಿಬಿಸಿಲಿನಲ್ಲಿ ಸುಣ್ಣ ಹಚ್ಚಿ, ಅದು ಉದುರಿದಾಗ 'ನೋಡಿ, ಸುಣ್ಣ ನಿಲ್ಲಲ್ಲ, ಸಿಮೆಂಟೇ ಬೇಕು' ಅಂದ್ರೆ ತಪ್ಪು ಸುಣ್ಣದ್ದಾ?

ಇನ್ನೊಂದು, ಜನ. ಕಲ್ಲಿನ ಕೆಲಸದ ವಡ್ಡರು, ಗಾರೆ ಕೆಲಸದ ಉಪ್ಪಾರರು, ಸುಣ್ಣ ಸುಡುವ ಸುಣಗಾರರು, ಇವರ ಮನೆಗಳಲ್ಲಿ ಈ ವಿದ್ಯೆ ತಲೆಮಾರುಗಳಿಂದ ಇತ್ತು. ನನಗೆ ಸಿಕ್ಕ ಗಚ್ಚಿನ ಗೌಂಡಿಗಳೆಲ್ಲ ಎಪ್ಪತ್ತು ದಾಟಿದವರು. ಅವರ ಮಕ್ಕಳು, ಮೊಮ್ಮಕ್ಕಳು ಬೆಂಗಳೂರು, ಪುಣೆಯಲ್ಲಿ ಅಪಾರ್ಟ್‌ಮೆಂಟ್‌ಗೆ ಸಿಮೆಂಟ್ ಹೊರ್ತಿದ್ದಾರೆ. ಊರಲ್ಲೇ ಗಚ್ಚಿನ ಕೆಲಸಕ್ಕೆ ಅಲ್ಲಿಯಷ್ಟೇ ಕೂಲಿ ಸಿಕ್ಕಿದ್ರೆ ಅವರು ಬರಲ್ಲ ಅಂತ ನನಗನ್ನಿಸಲ್ಲ.

ನಮ್ಮ ಮನೆ ಏನಾಯ್ತು ಅಂತ ಕೇಳ್ತೀರಾ? ಬಿದ್ದ ಗೋಡೆಯನ್ನ ಮುತ್ಯಾ ಅದೇ ಮಣ್ಣಿನಲ್ಲಿ ಎಬ್ಬಿಸಿದ, ಸಿಮೆಂಟ್ ತುಂಡುಗಳನ್ನ ಹೊಲದ ದಾರಿಗೆ ಹಾಕಿದ. ಅಪ್ಪ ಹಿತ್ತಲಲ್ಲಿ ಆರ್‌ಸಿಸಿ ಕೋಣೆ ಎರಡು ಕಟ್ಟಿಸಿದ್ದಾರೆ, ಅವೂ ಚೆನ್ನಾಗಿವೆ. ಬೇಸಿಗೆಯಲ್ಲಿ ಮಾತ್ರ ಎಲ್ಲರೂ ಚಾಪೆ ಹಿಡ್ಕೊಂಡು ಹಳೇ ಪಡಸಾಲೆಗೇ ಬರ್ತಾರೆ, ಅಪ್ಪನೂ.

ನಿಮ್ಮೂರಲ್ಲಿ ಸುಣ್ಣದ ಗಾಣದ ಕಲ್ಲು ಉಳಿದಿದ್ರೆ, ಗಚ್ಚಿನ ಕೆಲಸ ಮಾಡಿದ ಹಿರಿಯರು ಇದ್ರೆ, ಅವರನ್ನ ಕೂರಿಸಿ ಒಂದೈದು ನಿಮಿಷ ಮಾತಾಡಿಸಿ ವಾಯ್ಸ್ ನೋಟ್ ಕಳಿಸಿ. ಯಾವ ಮಣ್ಣು, ಎಷ್ಟು ದಿನ ನೆನೆಸ್ತಿದ್ರು, ಯಾವ ತಿಂಗಳಲ್ಲಿ ಕೆಲಸ ಮಾಡ್ತಿದ್ರು, ಇಷ್ಟು ಕೇಳಿದ್ರೆ ಸಾಕು. ಮುಂದಿನ ಕಂತಿನಲ್ಲಿ ಅವನ್ನೆಲ್ಲ ಕೇಳಿಸ್ತೀನಿ.